ಒಂದೂಕಾಲು ಗೇಣಿನ ತೂತು

ತನ್ನ ಬಲಗಣ್ಣು ಮಂಜಾಗುತ್ತಿದೆ ಎಂಬ ಸಂಗತಿಯನ್ನು ಈ ಮನೆಯ ಯಾವ ಪ್ರಾಣಿಗೂ ತಿಳಿಯಗೊಡುವುದಿಲ್ಲ ಎಂದು ಗುರಿಕಾರನ ಹೆಂಡತಿ ಒಂದು ಬೆಳಿಗ್ಗೆ ಹತ್ತೂಕಾಲಿಗೆ, ಬಂದೂಕಿನ ಮರ ಕಟ್ಟಿದ ಬೆಂಚಿನ ಪಕ್ಕದಲ್ಲಿ ಬಗ್ಗಿ ನಿಂತುಕೊಂಡೇ ಶಪಥ ಮಾಡಿದಳು. ಮಾಡುವಾಗ ಅವಳಿಗೆ ತನ್ನ ಮೇಲೆ ತುಂಬು ಭರವಸೆಯಿತ್ತು. ಈ ಮನೆಯಲ್ಲಿ ಏನನ್ನಾದರೂ ಮುಚ್ಚಿಡುವುದು ಎಷ್ಟು ಸುಲಭವೆಂದು ಅವಳಷ್ಟು ಬಲ್ಲವರು ಯಾರು? ಹಿಂದೊಮ್ಮೆ ದವಡೆ ಹಲ್ಲು ಕೀಳಿಸಿಕೊಂಡು ಬಂದು ಮೂರು ದಿನ ಕೆನ್ನೆ ಊದಿಸಿಕೊಂಡೇ ಓಡಾಡಿದ್ದಳು. ನಾಲ್ಕನೆಯ ದಿನ ಗಂಡ ಕೇಳಿದ್ದ, "ಯಾಕೆ, ನನ್ನ ಮೇಲೇನಾದ್ರೂ ಕೋಪಾನಾ?"

ಗುರಿಕಾರ ಎಂಬುದು ಬಂದೂಕಿನ ಅಂಗಡಿಯವರು ಅವಳ ಗಂಡನಿಗಿಟ್ಟ ಹೆಸರು. ಆಸಾಮಿ ಜನ್ಮದಲ್ಲಿ ಒಂದು ಗುಂಡು ಹಾರಿಸಿದವನಲ್ಲ. ಗಾಳಿಗೆ ಬಾಗಿಲು ದಢಾರೆಂದರೆ ಬೆಚ್ಚಿಬೀಳುವ ಮನುಷ್ಯ. ಅವನು ಮಾಡುತ್ತಿದ್ದುದು ಬಂದೂಕಿನ ಮರವನ್ನು ಮಾತ್ರ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗವನ್ನು. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಗುರಿ ಅಭ್ಯಾಸ ಮಾಡುವವರ ಕ್ಲಬ್ಬಿನ ಆರು ಹಳೆಯ ಬಂದೂಕುಗಳ ಮರ ತೇವಕ್ಕೆ ಕೊಳೆತು, ಹೊಸದು ಮಾಡಿಕೊಡುವ ಕೆಲಸ ಆಗಷ್ಟೇ ಬಂದಿತ್ತು.

ಈ ಕೆಲಸದಲ್ಲಿ ಜೀವ ಹಿಂಡುವುದು ಒಂದೇ ಒಂದು ತೂತು. ಮರದ ಹಿಂಬದಿಯಿಂದ ಉದ್ದಕ್ಕೆ, ಒಂದೂಕಾಲು ಗೇಣು ಆಳಕ್ಕೆ ಕೊರೆಯಬೇಕು. ಅದರೊಳಗೆ ಉದ್ದನೆಯ ಬೋಲ್ಟ್ ಹೋಗಿ ಮರವನ್ನೂ ಕಬ್ಬಿಣವನ್ನೂ ಒಂದು ಮಾಡುತ್ತದೆ. ತೂತು ಮುಗಿಯುವ ಕಡೆ, ಮರದ ಕತ್ತು, ಎರಡು ಬೆರಳು ದಪ್ಪ ಇದ್ದರೆ ಹೆಚ್ಚು. ಹಿಂದೆ ಕೂದಲೆಳೆಯಷ್ಟು ಓರೆಯಾದರೂ ಮುಂದೆ ಕತ್ತು ಸೀಳಿಕೊಂಡು ಮೊನೆ ಹೊರಗೆ ಬರುತ್ತದೆ. ಆಮೇಲೆ ಆ ಮರ ಸೌದೆ.

ಕೈಬೈರಿಗೆ ತಿರುಗಿಸುವವನಿಗೆ ಎಡಬಲ ಕಾಣುತ್ತದೆ. ಮೇಲು ಕೆಳಗು ಕಾಣುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ನಿಂತು, ಒಂದು ಕಣ್ಣು ಮುಚ್ಚಿ, ಬೈರಿಗೆಗೆ ಸಿಕ್ಕಿಸಿದ ಕೊರೆಯುವ ಉದ್ದನೆಯ ಕಡ್ಡಿ, ಅಂದರೆ ಬಿಟ್, ಮರದ ಮೇಲೆಳೆದ ಗೆರೆಗೆ ಸಮನಾಗಿ ಹೋಗುತ್ತಿದೆಯೇ ಎಂದು ನೋಡುತ್ತ ಹೇಳುತ್ತಿರಬೇಕು. ಮದುವೆಯಾದ ಎರಡನೆಯ ವಾರದಿಂದ ಆ ಇನ್ನೊಬ್ಬರು ಅವಳೇ. ಮೂವತ್ತೆರಡು ವರ್ಷ "ಮೇಲೆ… ಇನ್ನೊಂಚೂರು… ಸಾಕು, ಈಗ ಕೆಳಗೆ" ಎನ್ನುತ್ತ ಅವಳು ದಾಟಿಸಿದ ತೂತುಗಳೆಷ್ಟೋ. ಗಿರಾಕಿಗಳು ಯಾರಾದರೂ ಅವಳತ್ತ ನೋಡಿದರೆ ಗಂಡ ಹೇಳುತ್ತಿದ್ದ, "ಅವಳು ಸುಮ್ನೆ ಪಕ್ಕದಲ್ಲಿ ನಿಂತಿರ್ತಾಳೆ."

ಆ ಸುಮ್ಮನೆ ನಿಲ್ಲುವುದು ಅವಳಿಗೆ ಪ್ರಾಣವಾಗಿತ್ತು. ಉಪ್ಪು ಮುಗಿದಿದೆ ಎಂದರೆ ಮೂರನೆಯ ದಿನ ತರುವ ಗಂಡ, ಇಲ್ಲಿ 'ಮೇಲೆ' ಎಂದರೆ ಆ ಕ್ಷಣವೇ ಕೈಯೆತ್ತುತ್ತಿದ್ದ. ಬಾಯಿಂದ ಬಂದ ಮಾತು ಹಾಗೆಯೇ ನಡೆಯುವ ಜಾಗ ಇಡೀ ಮನೆಯಲ್ಲಿ ಅವಳಿಗೆ ಅದೊಂದೇ. ಕಣ್ಣಿನ ವಿಷಯ ಹೊರಬಿದ್ದರೆ ಆ ಜಾಗ ಹೋಗುತ್ತದೆ. ಅವಳ ದೊಡ್ಡಮ್ಮನಿಗೆ ಕಣ್ಣು ಹೋದಾಗ ಮನೆಯವರು ತುಂಬ ಚೆನ್ನಾಗಿ ನೋಡಿಕೊಂಡಿದ್ದರು. ಕಿಟಕಿಯ ಪಕ್ಕ ದಿಂಬಿಟ್ಟ ಕುರ್ಚಿ ಹಾಕಿ ಕೂರಿಸಿದರು. ಹದಿನಾಲ್ಕು ವರ್ಷ ಆಕೆ ಅಲ್ಲೇ ಕೂತಿದ್ದಳು. "ಹೇಗಿದ್ದೀರಿ?" ಎಂದು ಯಾರಾದರೂ ಆಕೆಯನ್ನು ಕೇಳಿದರೆ ಉತ್ತರ ಬೇರೆಯವರು ಕೊಡುತ್ತಿದ್ದರು.

ಹಾಗಾಗಿ ಆ ಬೆಳಿಗ್ಗೆ, ಬಿಟ್‌ನ ನಡುಭಾಗ ಒಂದು ಅಂಗುಲ ಮಾಯವಾದಾಗ ಅವಳು ಉಸಿರೆತ್ತಲಿಲ್ಲ. ಕಬ್ಬಿಣ ಈಚೆಗೂ ಇತ್ತು, ಆಚೆಗೂ ಇತ್ತು. ನಡುವೆ ಮಾತ್ರ ಯಾರೋ ರಬ್ಬರಿನಿಂದ ಉಜ್ಜಿದ ಹಾಗೆ ಬೂದು.

"ಹೇಗಿದೆ?" ಗಂಡ ಕೇಳಿದ.

"ಸರಿಯಾಗಿದೆ."

"ಸರಿಯಾಗಿದ್ಯಾ, ಸುಮಾರಾಗಿದ್ಯಾ?"

"ಸರಿಯಾಗಿದೆ ಅಂದ್ನಲ್ಲ, ತಿರುಗಿಸಿ."

ಅರ್ಧ ಗಂಟೆಯ ಮೇಲೆ ಮೊನೆ ಮರದ ಕತ್ತಿನ ಕೆಳಗಿನಿಂದ ಹೊರಬಂದು ಇಬ್ಬರ ಮುಖವನ್ನೂ ನೋಡಿತು.

ಗಂಡ ಬಿಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, "ಸವೆದುಹೋಗಿದೆ ಮುಂಡೇದು. ನಮ್ಮಪ್ಪನ ಕಾಲದ್ದು, ಎಷ್ಟು ದಿನ ಬಾಳುತ್ತೆ" ಎಂದ. ಅವಳಿಗೆ ಕುತ್ತಿಗೆಯ ಮೇಲಿದ್ದ ಕತ್ತಿ ಪಕ್ಕಕ್ಕೆ ಸರಿದಂತಾಯಿತು. ತಪ್ಪು ಕಬ್ಬಿಣದ ಮೇಲೆ ಹೋದರೆ ಅವಳದೇನೂ ಅಡ್ಡಿಯಿರಲಿಲ್ಲ. ಕಬ್ಬಿಣಕ್ಕೆ ಮನಸ್ಸು ನೋಯುವುದಿಲ್ಲ. ಆದರೆ ಅಂದೇ ಸಂಜೆ ಗಂಡ ಆ ಬಿಟ್ ಮಸೆಯಲು ಹೋಗಿ ಎರಡು ತುಂಡು ಮಾಡಿದ. ಅಲ್ಲಿಂದ ಮನೆಗೆ ಶನಿಕಾಟ ಶುರುವಾಯಿತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕುವ ಅತಿ ಉದ್ದದ ಬಿಟ್ ಒಂದು ಗೇಣು. ಇವರಿಗೆ ಬೇಕಾದದ್ದು ಎರಡು ಗೇಣು. "ಇಷ್ಟುದ್ದ ಯಾಕೆ ಸ್ವಾಮಿ? ಗೋಡೆ ಕೊರೆದು ಪಕ್ಕದ ಮನೆಗೆ ಹೋಗ್ತೀರಾ?" ಎಂದನಂತೆ ಅಂಗಡಿಯವನು. ಗಂಡ ಮುಖ ಕೆಂಪಗೆ ಮಾಡಿಕೊಂಡು ಬಂದು ನಡುಮನೆಯಲ್ಲಿ ನಿಂತು, ರಾಜ್ಯ ಗೆಲ್ಲಲು ಹೊರಟವನ ಹಾಗೆ ನಾಲ್ಕೂ ಗೋಡೆ ನೋಡಿದ.

"ಅಂಗಡೀಲಿ ಇಲ್ದಿದ್ರೆ ಬೇಡ. ಈ ಮನೇಲಿ ಕಬ್ಬಿಣಕ್ಕೇನು ಬರಗಾಲ?"

ಮೊದಲು ಬಲಿಯಾದದ್ದು ಬಾಗಿಲ ಹಿಂದಿನ ಕೊಡೆ. ಅದರ ಕಂಬಿ ಟೊಳ್ಳು. ಬೈರಿಗೆಗೆ ಸಿಕ್ಕಿಸಿ ತಿರುಗಿಸಿದರೆ ಒದ್ದೆ ಹಗ್ಗದ ಹಾಗೆ ಬಳುಕಿತು. ನಗರದ ಬಸ್ಸು ಓಡಿಸುವ ಮಗಳು ಡ್ಯೂಟಿಗೆ ಹೊರಟು ನಿಂತು, ಕೈಯಲ್ಲಿ ಕೊಡೆಯ ಬಟ್ಟೆ ಮಾತ್ರ ಹಿಡಿದು ಕೇಳಿದಳು, "ಅಪ್ಪಾ, ಇದನ್ನ ತಲೆಗೆ ಸುತ್ಕೊಂಡು ಹೋಗ್ಲಾ?"

"ಒಂದು ದೊಡ್ಡ ಕೆಲಸ ಅಂದ್ಮೇಲೆ ಮನೆಯವರೂ ಸ್ವಲ್ಪ ತ್ಯಾಗ ಮಾಡ್ಬೇಕಮ್ಮ."

"ನಿನ್ನ ಕನ್ನಡಕದ ಕಡ್ಡೀನೂ ಉದ್ದ ಇದೆ ನೋಡು" ಎಂದು ಮಗಳು ಹೋದಳು.

ಎರಡನೆಯದು ಬಚ್ಚಲುಮನೆಯ ಟವೆಲ್ಲು ಹಾಕುವ ಕಂಬಿ. ಇದು ಗಟ್ಟಿ. ಗಂಡ ಅದರ ತುದಿಯನ್ನು ಅಡುಗೆಮನೆಯ ಒಲೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಎಲೆಯಂತೆ ಚಪ್ಪಟೆ ಮಾಡಿ, ಅರದಿಂದ ಉಜ್ಜಿ ಬಾಯಿ ಕೊಟ್ಟು, ಹದ ಬರಲಿ ಎಂದು ಎಣ್ಣೆಗೆ ಅದ್ದಿದ. ಎಣ್ಣೆ ಯಾವುದು? ಒಲೆಯ ಪಕ್ಕದಲ್ಲೇ ಇತ್ತಲ್ಲ, ಅದೇ. ಆ ವಾರವಿಡೀ ಮನೆಯಲ್ಲಿ ಹುರಿದ ಈರುಳ್ಳಿಗೆಲ್ಲ ಕಮ್ಮಾರಸಾಲೆಯ ಘಮ. ಒಲೆಯ ಮೇಲಿನ ಮಸಿ, ನೆಲದ ಮೇಲಿನ ಕಬ್ಬಿಣದ ಪುಡಿ, ಗೋಡೆಗೆ ಸಿಡಿದ ಎಣ್ಣೆ, ಇವನ್ನೆಲ್ಲ ಒರೆಸುವಾಗ ಅವಳು ಕಣ್ಣಿಗಿಂತ ಹೆಚ್ಚಾಗಿ ಅಂಗೈಯನ್ನು ನಂಬಿದಳು. ಅಂಗೈಗೆ ಜಿಡ್ಡು ತಾಗದಿದ್ದರೆ ಸ್ವಚ್ಛ.

ಇದೇ ಅವಳ ಹೊಸ ವಿದ್ಯೆ. ಕಣ್ಣಿನ ಕೆಲಸವನ್ನು ಅವಳು ಮನೆಯ ಸಾಮಾನುಗಳಿಗೆ ಹಂಚಿಕೊಟ್ಟಿದ್ದಳು. ಬಲಗೈಗೆ ಕೊಡೆ ತಾಗಿದರೆ ಹೊಸಿಲು ಬಂತು. ಟವೆಲ್ಲಿನ ಕಂಬಿ ಸಿಕ್ಕಿದರೆ ಒಂದು ಮೆಟ್ಟಿಲು ಇಳಿಯಬೇಕು. ಸೊಳ್ಳೆಪರದೆಯ ಕಂಬ ಅಂದರೆ ಮಂಚದ ಮೂಲೆ. ಬಾಗಿಲ ಪರದೆ ಮುಖಕ್ಕೆ ತಾಗಿದರೆ ನಡುಮನೆ ಮುಗಿದು ಅಡುಗೆಮನೆ ಶುರು. ಅಲ್ಲಿಂದ ನಾಲ್ಕು ಹೆಜ್ಜೆಗೆ ಮೇಜು. ಲೋಟ ಎಡಕ್ಕೆ, ತಟ್ಟೆ ಬಲಕ್ಕೆ, ಬಿಸಿ ಪಾತ್ರೆ ನಡುವೆ. ಹೀಗೆ ನಕ್ಷೆ ಬರೆದುಕೊಂಡು ಅವಳು ಮನೆಯಲ್ಲಿ ದೊರೆಸಾನಿಯ ಹಾಗೆ ಓಡಾಡಬೇಕೆಂದಿದ್ದಳು. ಅವಳು ನಕ್ಷೆ ಬರೆಯುತ್ತ ಹೋದಂತೆ ಗಂಡ ಒಂದೊಂದೇ ಊರನ್ನು ಕಿತ್ತು ಹಿಂದಿನ ಕೋಣೆಗೆ ಸಾಗಿಸಿದ. ಟವೆಲ್ಲಿನ ಕಂಬಿ ಹೋದ ದಿನ ಅವಳು ಬಚ್ಚಲ ಮೆಟ್ಟಿಲಲ್ಲಿ ಮುಗ್ಗರಿಸಿ ಮೊಣಕಾಲು ತರಚಿಕೊಂಡಳು.

"ನೋಡ್ಕೊಂಡು ನಡೀಬಾರ್ದಾ?" ಎಂದ ಗಂಡ.

"ನೋಡ್ಕೊಂಡೇ ನಡೆದೆ. ಮೆಟ್ಟಿಲೇ ನನ್ನ ನೋಡಲಿಲ್ಲ."

ಟವೆಲ್ಲಿನ ಕಂಬಿ ಎರಡನೆಯ ಮರವನ್ನು ಕೊರೆದು ಕತ್ತಿನ ಕೆಳಗೆ ಹೊರಬಂತು. ಸೊಳ್ಳೆಪರದೆಯ ಕಂಬ ಮೂರನೆಯದನ್ನು ಕೊರೆಯಿತು, ಅದೂ ಕೆಳಗೇ. ಅವಳೇನು ಸುಮ್ಮನೆ ಕೂತಿರಲಿಲ್ಲ. ಆ ಮೂರನೆಯ ಸಲ ಬಲಗಣ್ಣು ಮುಚ್ಚಿ ಎಡಗಣ್ಣಿಂದ ನೋಡೋಣವೆಂದು ಬೆಂಚಿನ ಆಚೆ ಬದಿಗೆ ಹೋಗಿ ನಿಂತಳು.

"ಯಾಕೆ ಈವತ್ತು ಆ ಕಡೆ?"

"ಈ ಕಡೆ ಗಾಳಿ ಚೆನ್ನಾಗಿದೆ."

"ಕಿಟಕಿ ಇರೋದು ನೀನು ಯಾವಾಗ್ಲೂ ನಿಲ್ಲೋ ಕಡೆ."

"ಅದಕ್ಕೇ, ಅಲ್ಲಿ ತುಂಬಾ ಗಾಳಿ."

ಎಡಗಣ್ಣೂ ಕೈಕೊಡಲು ಶುರುಮಾಡಿದೆಯೆಂದು ಅವಳಿಗೆ ಗೊತ್ತಾದದ್ದು ಆವತ್ತೇ. ಬೂದು ಇಲ್ಲಿ ಇನ್ನೂ ಚಿಕ್ಕದು, ಅಷ್ಟೆ. ಗಂಡ "ಹೇಗಿದೆ?" ಎಂದಾಗ ಒಮ್ಮೆ ಕೆಮ್ಮಿ, "ಸರಿಯಾಗಿದೆ" ಎಂದಳು. ಆ ಸಲ ಗಂಡ ತಿರುಗಿಸುವ ಮೊದಲು ಒಂದು ಕ್ಷಣ ಹೆಚ್ಚು ಹೊತ್ತು ಅವಳನ್ನೇ ನೋಡುತ್ತಿದ್ದ. ಅದೂ ಅವಳಿಗೆ ಕಾಣಲಿಲ್ಲ.

ನಾಲ್ಕನೆಯ ಸಲ ಅವನ ಕಣ್ಣು ಹೊಲಿಗೆ ಮಷೀನಿನ ಮೇಲೆ ಬಿತ್ತು. ಕಾಲಿನಲ್ಲಿ ತುಳಿಯುವ ಹಲಗೆಗೂ ದೊಡ್ಡ ಚಕ್ರಕ್ಕೂ ನಡುವೆ ಒಂದು ನೀಳ ಕಬ್ಬಿಣದ ಸರಳಿರುತ್ತದಲ್ಲ, ಅದು.

"ಅದನ್ನ ಮುಟ್ಟಬೇಡಿ" ಎಂದಳು ಅವಳು. ಮದುವೆಗೆ ಮುಂಚೆ ತಾನೇ ದುಡಿದು ಕೊಂಡ ಮಷೀನು ಅದು.

"ನೀನೀಗ ಹೊಲಿಯೋದೇ ಬಿಟ್ಟಿದ್ದೀಯಲ್ಲ? ನಾಲ್ಕು ತಿಂಗಳಾಯ್ತು ನೋಡ್ತಾ ಇದೀನಿ."

ಯಾಕೆ ಬಿಟ್ಟಳೆಂದು ಕೇಳಿದ್ದರೆ ಹೇಳಲು ಅವಳ ಬಳಿ ಮೂರು ಸುಳ್ಳು ಸಿದ್ಧವಿದ್ದವು. ಕೇಳಲಿಲ್ಲ. ಸರಳು ಹೋಯಿತು. ಅದರ ಜೊತೆಗೆ ಲಟ್ಟಣಿಗೆಯೂ ಹೋಯಿತು: ಲಟ್ಟಣಿಗೆಗೆ ಉದ್ದಕ್ಕೆ ತೂತು ಕೊರೆದು, ಅದರೊಳಗಿನಿಂದ ಬಿಟ್ ಹಾಯಿಸಿ, ಅದೇ ದಾರಿ ತೋರಿಸುವಂತೆ ಮಾಡುವುದು ಗಂಡನ ಹೊಸ ಯುಕ್ತಿ. ಲಟ್ಟಣಿಗೆಯ ತೂತೇ ಓರೆ ಬಂದದ್ದರಿಂದ ಅದು ನಿಷ್ಠೆಯಿಂದ ಓರೆದಾರಿಯನ್ನೇ ತೋರಿಸಿತು. ಅದಕ್ಕೂ ಮುನ್ನ ಅಭ್ಯಾಸಕ್ಕೆಂದು ಪೊರಕೆಯ ಹಿಡಿ, ಕುರ್ಚಿಯ ಎರಡು ಕಾಲು, ಮಸಾಲೆ ಅರೆಯುವ ಮರದ ಗುಂಡು ಎಲ್ಲದರ ಹೊಟ್ಟೆಯಲ್ಲೂ ಸುರಂಗಗಳಾದವು. ಮಗಳು ಊಟಕ್ಕೆ ಕೂತರೆ ಕುರ್ಚಿ ಮುಲುಗುಡುತ್ತಿತ್ತು.

"ಈ ಮನೇಲಿ ಇನ್ನು ತೂತಿಲ್ದೇ ಇರೋದು ನಾವು ಮೂರು ಜನ ಅಷ್ಟೇ" ಎಂದಳು ಮಗಳು.

ನಾಲ್ಕನೆಯ ಮರ ಕೆಳಗೆ. ಐದನೆಯದೂ ಕೆಳಗೆ. ಹಾಳಾದ ಮರಗಳನ್ನು ಗಂಡ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದ. ಒಂದು ಮಧ್ಯಾಹ್ನ ಅವನಿಲ್ಲದಾಗ ಅವಳು ಹೋಗಿ ಒಂದೊಂದರ ಕತ್ತಿನ ಕೆಳಗೂ ಬೆರಳಾಡಿಸಿದಳು. ಮೊದಲನೆಯದರಲ್ಲಿ ಗಾಯ ತುದಿಯ ಹತ್ತಿರ. ಎರಡನೆಯದರಲ್ಲಿ ಇನ್ನೊಂದು ಬೆರಳು ಹಿಂದೆ. ಐದನೆಯದರಲ್ಲಿ ಅಂಗೈಯಗಲ ಹಿಂದೆ. ತನ್ನ ಕಣ್ಣು ಎಷ್ಟೆಷ್ಟು ಹೋಯಿತೆಂದು ಗಟ್ಟಿಮರದಲ್ಲಿ ಕೊರೆದಿಟ್ಟಿದ್ದಾರೆ. ಹತ್ತಾರು ವರ್ಷ ಅಟ್ಟದ ಮೇಲೆ ಒಣಗಿ ಹದವಾಗಿದ್ದ ಮರಗಳು. ಈಗಲಾದರೂ ಹೇಳಿಬಿಡಲೇ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಕುರ್ಚಿಯಲ್ಲಿ ಕೂತ ದೊಡ್ಡಮ್ಮನ ಮಡಿಸಿದ ಕೈಗಳು ನೆನಪಾಗಿ, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು.

ಆರನೆಯದು ಅಡುಗೆಮನೆ ಬಾಗಿಲ ಪರದೆಯ ಕಂಬಿ. ಹಳೆಯ ಕಾಲದ ಗಟ್ಟಿ ಕಬ್ಬಿಣ. ಗಂಡ ಅದನ್ನು ಕಿತ್ತು ತಂದು, ಒಂದು ತುದಿ ಬೈರಿಗೆಯ ಬಾಯಿಗೆ ಹೊಂದುವಂತೆ ಉಜ್ಜಿ, ಇನ್ನೊಂದು ತುದಿ ಬಡಿದು ಚಪ್ಪಟೆ ಮಾಡಿ, ಎಣ್ಣೆಗೆ ಅದ್ದಿ, ಬೈರಿಗೆಗೆ ಬಿಗಿದೂ ಆದಮೇಲೆ ನೋಡಿದರೆ, ಪರದೆ ಸಿಕ್ಕಿಸುವ ಉಕ್ಕಿನ ಉಂಗುರವೊಂದು ಕಂಬಿಯ ಮೇಲೇ ಉಳಿದುಬಿಟ್ಟಿದೆ. ಈಗ ಈಚೆಗೂ ಬರುವಂತಿಲ್ಲ, ಆಚೆಗೂ ಹೋಗುವಂತಿಲ್ಲ.

"ಥೂ, ಇದೊಂದು ಬಾಕಿ ಇತ್ತು" ಎಂದ. ಮತ್ತೆ ಕಾಯಿಸಿ ಬಡಿಯುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. "ಇರ್ಲಿ, ಅದರ ಪಾಡಿಗೆ ಇರುತ್ತೆ. ಬಾ, ನಿಂತ್ಕೋ."

ಮರವನ್ನು ಮಟ್ಟಸವಾಗಿ ಕಟ್ಟಿ ತಿರುಗಿಸಲು ಶುರುಮಾಡಿದ. ಅವಳು ಬಗ್ಗಿ ನಿಂತಳು. ಈ ಸಲ ಕಂಬಿ ಅರ್ಧಕ್ಕಿಂತ ಹೆಚ್ಚು ಮಾಯ. ನೋಡುವ ಶಾಸ್ತ್ರಕ್ಕೆ ಒಂದು ಕಣ್ಣು ಮುಚ್ಚಿದಳು. ಆಮೇಲೆ, ಹೇಗೂ ಪ್ರಯೋಜನವಿಲ್ಲವೆಂದು, ಎರಡನ್ನೂ ಮುಚ್ಚಿದಳು.

ಆಗ ಕೇಳಿಸಿತು. ಕಂಬಿ ತಿರುಗಿದಂತೆ ಉಂಗುರ ಅದರ ಮೇಲೆ ಕುಣಿಯುತ್ತ ಮೆಲ್ಲಗೆ ಮುಂದೆ ಸರಿದು, ಮರಕ್ಕೆ ತಾಗಿ 'ಟಕ್' ಎಂದಿತು. 'ಟಕ್ ಟಕ್ ಟಕ್.' ಉಂಗುರ ಮುಂದಕ್ಕೆ ಜಾರುತ್ತಿದೆಯೆಂದರೆ ಮೊನೆ ಇಳಿಜಾರಿನಲ್ಲಿದೆ, ಹಿಂದೆ ಗಂಡನ ಕೈ ಮೇಲೇರಿದೆ.

"ಕೈ ಕೆಳಗಿಳಿಸಿ" ಎಂದಳು.

ಗಂಡ ಇಳಿಸಿದ. ಉಂಗುರ ಹಿಂದೆ ಸರಿದು ಬೈರಿಗೆಯ ಕಬ್ಬಿಣದ ಬಾಯಿಗೆ ತಾಗಿ 'ಟಿಣ್' ಎಂದಿತು. ಈಗ ಮೊನೆ ಮೇಲಕ್ಕೆದ್ದಿದೆ.

"ಜಾಸ್ತಿಯಾಯ್ತು. ಒಂಚೂರು ಮೇಲೆ."

ಉಂಗುರ ಎರಡು ಕಡೆಗೂ ಹೋಗದೆ ನಡುವೆ ನಿಂತಲ್ಲೇ ಕುಣಿಯತೊಡಗಿತು. ಸದ್ದಿಲ್ಲ. ಮಟ್ಟಸ.

"ಹಾಂ. ಹೀಗೇ ಹೋಗಿ."

ಮುಕ್ಕಾಲು ಗಂಟೆ ಅವಳು ಕಣ್ಣು ಮುಚ್ಚಿಕೊಂಡು ಆ ತೂತನ್ನು ನಡೆಸಿದಳು. ಮೊನೆ ಕತ್ತಿನ ನಟ್ಟನಡುವೆ, ಪೆನ್ಸಿಲ್ಲಿನ ಚುಕ್ಕೆಯ ಮೇಲೇ ಹೊರಬಂತು. ಗಂಡ ಮರವನ್ನೆತ್ತಿ ತೂತಿನೊಳಗಿನಿಂದ ಕಿಟಕಿಯತ್ತ ನೋಡಿದ. ಅವಳು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಣ್ಣಿಲ್ಲದೆಯೂ ಈ ಜಾಗ ತನ್ನದೇ. 'ಮೇಲೆ' ಎಂದರೆ ಇನ್ನೂ ಮೇಲೆ, 'ಕೆಳಗೆ' ಎಂದರೆ ಇನ್ನೂ ಕೆಳಗೆ. ಎದೆಯೊಳಗೆ ವಾಲಗ ಊದುತ್ತಿತ್ತು.

"ಭೇಷ್" ಎಂದ ಗಂಡ. ಉಂಗುರವನ್ನು ಬೆರಳಿನಿಂದ ಮೀಟಿದ. "ನೀನು ಇದರ ಸದ್ದು ಕೇಳಿ ತಾನೇ ಹೇಳ್ತಾ ಇದ್ದಿದ್ದು?"

"ಹೂಂ" ಎಂದಳು, ಹೆಮ್ಮೆ ತಡೆಯಲಾರದೆ.

"ಹಾಗಿದ್ರೆ ನನಗೂ ಕಿವಿ ಇದ್ಯಲ್ಲ. ಇನ್ನು ನೀನು ಬಂದು ನಿಲ್ಲೋದೇ ಬೇಡ. ಆರಾಮಾಗಿ ಒಳಗಿನ ಕೆಲಸ ನೋಡ್ಕೋ."

ಅವಳು ಬೆಂಚಿನಿಂದ ಕೈ ತೆಗೆದಳು. ಸೆರಗಿಗೆ ಮರದ ಪುಡಿ ಹತ್ತಿತ್ತು, ಕೊಡವಿಕೊಂಡಳು. "ಸರಿ" ಎಂದಳು. ಹೊರಗೆ ಬರುವಾಗ ಪರದೆಗಾಗಿ ಮುಖ ಮುಂದೆ ಮಾಡಿದಳು. ಪರದೆಯಿರಲಿಲ್ಲ. ಎಲ್ಲಿಂದ ಅಡುಗೆಮನೆ ಶುರುವಾಗುತ್ತದೆಂದು ತಿಳಿಯದೆ ಗೋಡೆ ಸವರುತ್ತ ನಡೆದಳು.

ಮಾರನೆಯ ಬೆಳಿಗ್ಗೆ ಗಂಡ ತನ್ನ ಜಯವನ್ನು ಕಾಯಂ ಮಾಡಿಕೊಳ್ಳಲು ಹೊರಟ. ಉಂಗುರದ ವಿದ್ಯೆ ನಡೆಯಬೇಕಾದರೆ ಮರ ಅಲುಗದಂತೆ ಮಟ್ಟಸವಾಗಿ ಕೂರಬೇಕು. ಮನೆಯಲ್ಲಿ ಎಲ್ಲಕ್ಕಿಂತ ಮಟ್ಟಸವಾದದ್ದು ಅಡುಗೆಮನೆಯ ಮೇಜು. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮೇಜನ್ನು ಎತ್ತಿ ಹಿಂದಿನ ಕೋಣೆಗೆ ಸಾಗಿಸಿದ. ಅದರ ಮೇಲಿದ್ದ ತಟ್ಟೆ ಲೋಟಗಳನ್ನು ಜೋಪಾನವಾಗಿ ನೆಲದ ಮೇಲೆ, ಗೋಡೆಯ ಪಕ್ಕ ಜೋಡಿಸಿಟ್ಟ. ಆ ವಿಷಯದಲ್ಲಿ ಅವನು ಅಚ್ಚುಕಟ್ಟು.

ಅವಳು ಒಳಗೆ ಬಂದು ಹಾಲು ಕಾಯಿಸಿದಳು. ಉಕ್ಕುವ ಸದ್ದಿಗೆ ಒಲೆ ಆರಿಸಿದಳು. ಬಟ್ಟೆ ಸುತ್ತಿ ಪಾತ್ರೆ ಎತ್ತಿದಳು, ತಿರುಗಿದಳು, ಎರಡು ಹೆಜ್ಜೆಯಿಟ್ಟು, ಮೂವತ್ತೆರಡು ವರ್ಷ ಮೇಜು ಇದ್ದ ಜಾಗದಲ್ಲಿ, ಮೇಜಿನ ಎತ್ತರಕ್ಕೆ, ಪಾತ್ರೆಯನ್ನು ಇಟ್ಟಳು.

ಗಾಳಿಯ ಮೇಲೆ.

ಸದ್ದಿಗೆ ಮೊದಲು ಓಡಿಬಂದವಳು ಮಗಳು. ಅಮ್ಮನ ಎಡಗಾಲು ಪಾದದವರೆಗೆ ಕೆಂಪಗೆ ಬೆಂದಿತ್ತು. ನೆಲದ ತುಂಬ ಹಾಲು. ಅವಳು ಅದರ ನಡುವೆ ನಿಂತು ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು.

"ಅಮ್ಮಾ, ಏನು ಹುಡುಕ್ತಿದ್ದೀಯ?"

"ಮೇಜು ಎಲ್ಲಿ ಹೋಯ್ತೇ?"

ಮಗಳು ನಲ್ಲಿಯ ಕೆಳಗೆ ಅಮ್ಮನ ಕಾಲು ಹಿಡಿದು ಬಹಳ ಹೊತ್ತು ನೀರು ಬಿಟ್ಟಳು. ಆಮೇಲೆ ಅವಳೆದುರು ಕುಕ್ಕರಗಾಲಲ್ಲಿ ಕೂತಳು. ಬಸ್ಸಿನವರು ವರ್ಷವರ್ಷ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಅದರ ಪಟ್ಟು ಅವಳಿಗೆ ಗೊತ್ತು. ಅಮ್ಮನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, "ನನ್ನ ಮೂಗು ನೋಡ್ತಾ ಇರು. ಈಗ ಈ ಕೈಯಲ್ಲಿ ಎಷ್ಟು ಬೆರಳು?" ಎಂದಳು.

"ಯಾವ ಕೈಯಲ್ಲಿ?"

ಮಗಳು ಚಾಚಿದ ಕೈಯನ್ನು ಹಾಗೇ ಇಳಿಸಿ ಅಮ್ಮನ ಮೊಣಕಾಲ ಮೇಲಿಟ್ಟಳು. "ಎಷ್ಟು ದಿನದಿಂದ?" ಎಂದು ಕೇಳಲಿಲ್ಲ. "ಸೀರೆ ಬದಲಾಯಿಸ್ಕೋ, ಹೋಗೋಣ" ಎಂದಳು.

ಮೂವರೂ ಹೋದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ಗಲ್ಲ ಊರಿಸಿ, ಬೆಳಕು ಬಿಟ್ಟು, ಚುಕ್ಕೆ ಕಂಡಾಗ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಅವಳು ಗುಂಡಿ ಒತ್ತಲೇ ಇಲ್ಲ. ಯಂತ್ರ ಇನ್ನೂ ಶುರುವಾಗಿಲ್ಲವೆಂದುಕೊಂಡಿದ್ದಳು.

"ಯಾವಾಗಿಂದ ಹೀಗೆ?"

"ಈಚೆಗೆ" ಎಂದಳು. "ಒಂದು ತಿಂಗಳಾಗಿರಬಹುದು."

"ಐದು ತಿಂಗಳು" ಎಂದ ಗಂಡ, ಪಕ್ಕದ ಸ್ಟೂಲಿನಿಂದ.

ಅವಳು ಅವನತ್ತ ತಿರುಗಿದಳು. ಅವನು ಕೂತದ್ದು ಬಲಕ್ಕೆ. ಇಡೀ ಕತ್ತು ತಿರುಗಿಸಿದ ಮೇಲೆ ಅವನ ಮುಖದ ಅರ್ಧ ಸಿಕ್ಕಿತು. ಆ ಅರ್ಧ ನೆಲ ನೋಡುತ್ತಿತ್ತು.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಹಿಂದಿನ ನರ ಒಣಗುತ್ತ ಬಂದಿದೆ. ನೋವಿರುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಾರೆ. ಹೋದ ನೋಟ ಹೋದದ್ದೇ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಇನ್ನು ಬದುಕಿರುವವರೆಗೂ ದಿನಾ ತಪ್ಪದೆ ಔಷಧಿ ಬಿಟ್ಟರೆ.

"ಐದು ತಿಂಗಳ ಹಿಂದೇನೇ ಬಂದಿದ್ರೆ?" ಮಗಳು ಕೇಳಿದಳು.

"ಎಡಗಣ್ಣು ಪೂರ್ತಿ ಉಳೀತಿತ್ತು" ಎಂದರು ಡಾಕ್ಟರಮ್ಮ. "ಬಲಗಣ್ಣು ಅರ್ಧವಾದರೂ."

ಮಗಳು ಔಷಧಿ ತರಲು ಹೋದಳು. ನರ್ಸು ಮೊದಲ ಹನಿಗಳನ್ನು ಬಿಟ್ಟು, ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ ಅಲುಗದೆ ಕೂರಬೇಕೆಂದು ಹೇಳಿ, ಹೊರಗಿನ ಉದ್ದನೆಯ ಬೆಂಚಿನ ಮೇಲೆ ಕೂರಿಸಿದಳು. ಗಂಡ ಪಕ್ಕದಲ್ಲಿ ಬಂದು ಕೂತ. ಅವನ ಅಂಗಿಯಿಂದ ಮರದ ಪುಡಿಯ ವಾಸನೆ ಬರುತ್ತಿತ್ತು.

"ನಿಮಗೆ ಹೇಗೆ ಗೊತ್ತಾಯ್ತು?" ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಡಬಲ ನಂದು, ಮೇಲು ಕೆಳಗು ನಿಂದು. ಎಲ್ಲಾ ಮರದಲ್ಲೂ ತೂತು ಕೆಳಗೇ ಹೋಯ್ತು. ಒಂದರಲ್ಲೂ ಪಕ್ಕಕ್ಕೆ ಹೋಗಲಿಲ್ಲ. ಆದ್ರೂ ಇರ್ಲಿ ಅಂತ ಮೂರನೇ ಮರದಲ್ಲಿ ಬೇಕಂತಲೇ ಎರಡು ಬೆರಳು ಕೈಯೆತ್ತಿದ್ದೆ. ನೀನು ಸರಿಯಾಗಿದೆ ಅಂದೆ."

ಐದು ತಿಂಗಳು ಅವಳು ಕಟ್ಟಿದ್ದ ಕೋಟೆಯೊಳಗೆ ಈ ಮನುಷ್ಯ ಮೂರನೆಯ ಮರದಿಂದಲೂ ಆರಾಮಾಗಿ ಕೂತಿದ್ದ.

"ಹೇಳೋಕೇನಾಗಿತ್ತು?"

"ನೀನು ಮುಚ್ಚಿಡ್ತಾ ಇದ್ದೆ. ನಿನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ… ಅದಕ್ಕೇ ತಾನೇ ನಾನು ಅಷ್ಟೆಲ್ಲಾ ಒದ್ದಾಡಿದ್ದು? ಲಟ್ಟಣಿಗೆ, ನಿನ್ನ ಮಷೀನು, ಪರದೆ ಕಂಬಿ, ಎಲ್ಲಾ. ನೀನು ಕಣ್ಣಿಗೆ ತ್ರಾಸ ಕೊಡದೇ ಆಗೋ ಹಾಗೆ ಒಂದು ಬಿಟ್ ಮಾಡ್ಬೇಕು ಅಂತ. ಈಗ ಆಯ್ತು ನೋಡು. ಯಾರೂ ನೋಡ್ಬೇಕಾಗಿಲ್ಲ, ಅದರ ಪಾಡಿಗೆ ಅದು ನೇರ ಹೋಗುತ್ತೆ."

ಅವನ ದನಿಯಲ್ಲಿ ಉಡುಗೊರೆ ಕೊಡುವವನ ನಾಚಿಕೆಯಿತ್ತು. ಐದು ತಿಂಗಳು ಪ್ರೀತಿಯಿಂದಲೇ ದುಡಿದಿದ್ದ. ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಕಣ್ಣು ರಿಪೇರಿ ಮಾಡಿಸುವ ಬದಲು ಬೈರಿಗೆ ರಿಪೇರಿ ಮಾಡಿದ್ದ, ಅಷ್ಟೆ.

"ರೀ" ಎಂದಳು.

"ಏನು?"

"ಅಡುಗೆಮನೆಗೂ ಅಂಥದ್ದೊಂದು ಮಾಡಿಕೊಡಿ."

"ಎಂಥದ್ದು?"

"ಯಾರೂ ನೋಡದೇ ಇದ್ರೂ ಅದರ ಪಾಡಿಗೆ ಅದು ನಡೆಯೋ ಅಂಥದ್ದು."

ಗಂಡ ಯೋಚಿಸಿದ. ಅವನು ತಮಾಷೆ ಮಾಡುವ ಜಾತಿಯಲ್ಲ. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಯೋಚಿಸುವವನು. ಬಹಳ ಹೊತ್ತಿನ ಮೇಲೆ, ನಿಜವಾಗಿಯೂ ಅರ್ಥವಾಗದೆ, ಕೇಳಿದ, "ಅಲ್ಲಿ ಮೊದಲಿಂದಾನೂ ಹಾಗೇ ಅಲ್ವಾ ನಡೀತಾ ಬಂದಿರೋದು?"

ಅವಳಿಗೆ ನಗು ಬಂತು. ಮೊದಲು ಹೊಟ್ಟೆಯೊಳಗೆ, ಆಮೇಲೆ ಭುಜಕ್ಕೆ, ಆಮೇಲೆ ಬೆಂಚಿಗೆ ಬೆಂಚೇ ಅಲುಗುವಂತೆ. ಅವಳ ಮುಚ್ಚಿದ ಕಣ್ಣುಗಳಿಂದ ನೀರು ಕೆನ್ನೆಗಿಳಿದು, ಗಲ್ಲದಿಂದ ತೊಟ್ಟಿಕ್ಕಿತು. ಗಂಡ ಗಾಬರಿಯಾಗಿ ಕರವಸ್ತ್ರಕ್ಕಾಗಿ ಜೇಬು ತಡಕಿದ; ಒಂದು ಮರಳು ಕಾಗದದ ತುಂಡು ಸಿಕ್ಕಿತು.

ನರ್ಸು ದಾಪುಗಾಲು ಹಾಕುತ್ತ ಬಂದಳು. "ಏನಮ್ಮಾ ಇದು, ಔಷಧಿ ಬಿಟ್ಟು ಐದು ನಿಮಿಷ ಆಗಿಲ್ಲ. ಅಳಬಾರ್ದು ಅಂತ ಗೊತ್ತಾಗಲ್ವಾ?"

"ಅಳ್ತಾ ಇಲ್ಲ ತಾಯಿ, ನಗ್ತಾ ಇದ್ದೀನಿ."

"ಯಾವುದಾದ್ರೇನು, ಔಷಧಿಯೆಲ್ಲಾ ತೊಳೆದುಹೋಯ್ತು" ಎಂದು ನರ್ಸು ಅವಳ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿದಳು. "ಇನ್ನೊಂದ್ಸಲ ಹಾಕ್ಬೇಕು. ಕಣ್ಣು ಬಿಡಿ."